ಬಟ್ಟೆಯ ಬಸಿರು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ನನ್ನ ಮುಂದೆ ಬಾಯಿ ತೆರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಸ್ಪತ್ರೆಗಳಲ್ಲೇ ಬದುಕು ಸವೆಸಿದವಳು ನಾನು. ಹೆಣ ತೊಳೆದಿದ್ದೇನೆ, ಶವಾಗಾರದ ಪಕ್ಕದ ಕೋಣೆಯಲ್ಲಿ ಕೂತು ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದಿದ್ದೇನೆ. "ನಮ್ ಉಡ್ಗಿಗೆ ಗಾಳಿ ಮೆಟ್ಕೊಂಡೈತೆ ಸಿಸ್ಟರ್" ಎಂದು ಬಂದವರನ್ನು, "ಗಾಳಿಯೂ ಇಲ್ಲ, ಮಣ್ಣೂ ಇಲ್ಲ, ಮೊದಲು ರಕ್ತ ಪರೀಕ್ಷೆ ಮಾಡಿಸಿ" ಎಂದು ಗದರಿಸಿ ಕಳಿಸಿದ್ದೇನೆ. ಅಂಥವಳು ಈಗ ಇದನ್ನು ಬರೆಯಲು ಕೂತಿರುವುದು ಗೊತ್ತಾದರೆ ನನ್ನ ಜೊತೆ ಕೆಲಸ ಮಾಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕಾರು. ನಗಲಿ ಬಿಡಿ.

ಇಷ್ಟು ವರ್ಷ ಬರೆಯದೆ ಇದ್ದುದಕ್ಕೆ ಒಂದು ಕಾರಣವಿತ್ತು. ಆ ದಿನ ನಾನು ಕೇಳಿದ್ದನ್ನು ಕೇಳಿದ ಇನ್ನೊಂದು ಜೀವ ಭೂಮಿಯ ಮೇಲಿತ್ತು. ಮನಸ್ಸಿಗೆ ಅನುಮಾನ ಬಂದಾಗಲೆಲ್ಲ ಗೆಳತಿ ಶಕೀಲಾಳಿಗೆ ಫೋನ್ ಮಾಡಿ, "ನಿಜವಾಗ್ಲೂ ಕೇಳಿಸ್ತೇನೇ?" ಎನ್ನುತ್ತಿದ್ದೆ. "ಎಷ್ಟ್ ಸಲ ಕೇಳ್ತೀಯೇ ತಾಯಿ? ಕೇಳಿಸ್ತು ಕಣೇ, ಕೇಳಿಸ್ತು" ಎಂದು ಅವಳು ಬೈಯುತ್ತಿದ್ದಳು. ಬೈಸಿಕೊಂಡರೆ ನನಗೆ ಸಮಾಧಾನ. ಹೋದ ವರ್ಷ ಶಕೀಲಾ ತೀರಿಕೊಂಡಳು. ಈಗ ಫೋನ್ ಮಾಡುವುದಕ್ಕೆ ಯಾರೂ ಇಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನನ್ನು ಬೆಂಗಳೂರಿನ ಅಂಚಿನ ಲಗ್ಗೆರೆಗೆ ಕೊಟ್ಟಿದ್ದರು. ಈಗ ಅಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಆಗ ನಮ್ಮ ಹಿತ್ತಲ ಬೇಲಿ ದಾಟಿದರೆ ರಾಗಿ ಹೊಲ, ಅದರಾಚೆ ಪೀಣ್ಯದ ಕಾರ್ಖಾನೆಗಳ ಶೀಟಿನ ಚಾವಣಿಗಳು. ನನ್ನ ಗಂಡ ಅಲ್ಲೇ ಒಂದು ಲೇತ್ ಶೆಡ್ಡಿನಲ್ಲಿ ಹೆಲ್ಪರ್. ಅಲ್ಲಿನ ದೊಡ್ಡ ಕಾರ್ಖಾನೆಯೊಂದರ ಸೈರನ್ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪಾಳಿ ಬದಲಾಗುವಾಗ ಕೂಗುತ್ತಿತ್ತು. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಅತ್ತೆ ಮುದ್ದೆಗೆ ಎಸರಿಡುತ್ತಿದ್ದುದೂ ಆ ಕೂಗಿನ ಲೆಕ್ಕದಲ್ಲೇ.

ನನ್ನ ಮೊದಲ ಬಸಿರು ನಿಲ್ಲದೆ ಹೋಗಿತ್ತು. ಅದಾದ ಮೇಲೆ ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಅನ್ನಿಸುತ್ತಿತ್ತು. ತುಮಕೂರು ರಸ್ತೆಯ ಪಕ್ಕ ಯಾರೋ ಧರ್ಮಿಷ್ಠರು ಕಟ್ಟಿಸಿದ್ದ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ, ಎಸ್ಸೆಸ್ಸೆಲ್ಸಿ ಪಾಸಾದ ಹೆಣ್ಣುಮಕ್ಕಳಿಗೆ ನರ್ಸಿಂಗ್ ಅಸಿಸ್ಟೆಂಟ್ ತರಬೇತಿ ಕೊಡುತ್ತಾರೆಂದು ಗೊತ್ತಾಯಿತು. ಅತ್ತೆ ಗೊಣಗಿದರೂ ಹೋಗಿ ಸೇರಿದೆ. ಸೇರಿದ ಸ್ವಲ್ಪ ದಿನಕ್ಕೇ ಮತ್ತೆ ಬಸುರಿ ಎಂದು ತಿಳಿಯಿತು. ಹೆದರಿಕೊಂಡೇ ಹೋಗಿ ಏಲಿಯಮ್ಮ ಸಿಸ್ಟರಿಗೆ ಹೇಳಿದೆ. ನಮಗೆ ಪಾಠ ಹೇಳುತ್ತಿದ್ದವರು ಅವರು; ಕೇರಳದವರು, ಬೆಂಗಳೂರಿಗೆ ಬಂದು ಬಹಳ ವರ್ಷವಾಗಿತ್ತು, ನಗುವುದು ಅಪರೂಪ. "ಬಸುರಿ ಅಂದ್ರೆ ರೋಗಿ ಅಲ್ಲ, ಕೆಲಸ ಮಾಡು. ಆದ್ರೆ ಒಂದು ತೊಂದ್ರೆ ಅಂತ ಬಂದ್ರೂ ಮನೆಗೆ. ಆಮೇಲೆ ಇಲ್ಲಿ ಬಂದು ಅಳೋದಿಲ್ಲ, ಆಯ್ತಾ?" ಎಂದರು. ಆಯಿತು ಎಂದೆ. ನನಗೆ ಆ ಕೆಲಸವೂ ಬೇಕಾಗಿತ್ತು, ಆ ಮಗುವೂ ಬೇಕಾಗಿತ್ತು.

ತರಬೇತಿಗೆ ಪ್ಲಾಸ್ಟಿಕ್ ಬೊಂಬೆ ಗಿಂಬೆ ಏನೂ ಇರಲಿಲ್ಲ. ಅದಕ್ಕೆ ಸಿಸ್ಟರೇ ಒಂದು ಉಪಾಯ ಮಾಡಿದ್ದರು. ದಪ್ಪ ಬಟ್ಟೆಯಲ್ಲಿ ತುಂಬು ಬಸುರಿಯ ಹೊಟ್ಟೆಯ ಆಕಾರಕ್ಕೆ ಚೀಲ ಹೊಲಿದು, ಒಳಗೆ ಹತ್ತಿ ತುರುಕಿ, ನಡುವೆ ಬಟ್ಟೆಯ ಮಗುವೊಂದನ್ನು ಮಡಚಿ ಕೂರಿಸುವುದು. ನಾವು ಹೊರಗಿನಿಂದ ಕೈಯಾಡಿಸಿ ತಲೆ ಎಲ್ಲಿದೆ, ಬೆನ್ನು ಯಾವ ಕಡೆಗಿದೆ ಎಂದು ಹೇಳಬೇಕು. ಹಳೆಯ ಚೀಲ ನಮ್ಮಂಥವರ ಕೈಗೆ ಸಿಕ್ಕಿ ಹರಿದುಹೋಗಿತ್ತು. ಹೊಲಿಗೆ ಕಲಿತವಳು ನಾನೊಬ್ಬಳೇ ಆದ್ದರಿಂದ ಹೊಸದರ ಕೆಲಸ ನನ್ನ ತಲೆಗೆ ಬಂತು. ಗಂಡ ಶೆಡ್ಡಿನಲ್ಲಿ ಯಂತ್ರ ಒರೆಸಲು ಇಡುವ ಹತ್ತಿ ವೇಸ್ಟಿನಲ್ಲಿ ಶುಭ್ರವಾದದ್ದನ್ನು ಆರಿಸಿ ತಂದುಕೊಟ್ಟರು. ಮಗುವಿನ ತಲೆಗೆ ರಬ್ಬರ್ ಚೆಂಡು, ಬೆನ್ನಿಗೆ ಹಗ್ಗ. ಮೈಗೆ ಸುತ್ತುವುದಕ್ಕೆ ಮಾತ್ರ ಆಸ್ಪತ್ರೆಯ ಬಟ್ಟೆ ತೀರ ಒರಟಾಗಿತ್ತು.

ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಹಿರಿಯರು ಉಟ್ಟು ಹಳೆಯದಾದ ನೂಲಿನ ಸೀರೆಯಲ್ಲಿ ಮೊದಲು ಸುತ್ತುತ್ತಾರೆ, ಅವರ ಆಯಸ್ಸು ಕೂಸಿಗೂ ಬರಲಿ ಎಂದು. ಅತ್ತೆ ತಮ್ಮ ಹಸಿರು ಅಂಚಿನ ಸೀರೆಯೊಂದನ್ನು ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟಿದ್ದರು. ಬೆಣ್ಣೆಯ ಹಾಗಿತ್ತು ಆ ಬಟ್ಟೆ. ನಾನು ಅವರ ಎದುರಿಗೇ ಅದರಿಂದ ಒಂದು ತುಂಡು ಹರಿದುಕೊಂಡೆ.

"ಬ್ಯಾಡ ಕಣವ್ವ" ಎಂದರು ಅತ್ತೆ. "ಅದು ಕೂಸಿನ್ ಬಟ್ಟೆ. ಉಸುರಿಲ್ದಿದ್ದಕ್ಕೆ ಸುತ್ಬಾರ್ದು. ಖಾಲಿ ತೊಟ್ಲು ಯಾಕ್ ತೂಗಾಕಿಲ್ಲ ಯೋಳು?"

"ಯಾಕೆ?" ಎಂದೆ.

"ಬರೋ ಜೀವ ತನ್ ಬಟ್ಟೆ ಎಲ್ಲೈತೋ ಅಲ್ಲಿಗೇ ಓಯ್ತದೆ. ಅದಕ್ಕೇನ್ ಗೊತ್ತಾಯ್ತದೆ, ಅವ್ವ ಯಾವ್ದು, ಬೊಂಬೆ ಯಾವ್ದು ಅಂತ?"

"ನಿಮ್ಮ ಮೊಮ್ಮಗು ಅಷ್ಟೊಂದು ಪೆದ್ದಾಗಿದ್ರೆ ಸ್ಕೂಲಿಗೆ ಹೆಂಗತ್ತೆ ಸೇರ್ಸೋದು?" ಎಂದು ನಾನು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. ಉಳಿದ ಸೀರೆಯನ್ನು ಮತ್ತೆ ಮಡಿಸಿ ಪೆಟ್ಟಿಗೆಗೆ ಹಾಕಿದರು. ಆಮೇಲೆ ಆ ಮಾತೆತ್ತಲಿಲ್ಲ.

ಬೊಂಬೆಯನ್ನು ಆ ತುಂಡಿನಲ್ಲಿ ಸುತ್ತಿ, ಹತ್ತಿಯ ನಡುವೆ ಕೂರಿಸಿ, ಚೀಲದ ಬಾಯಿ ಹೊಲಿದು ಮುಗಿಸಿದ್ದು ಒಂದು ಸಂಜೆ. ನನಗೇ ಹೆಮ್ಮೆಯಾಗುವಷ್ಟು ಚೆನ್ನಾಗಿ ಬಂದಿತ್ತು. ತರಬೇತಿ ಕೋಣೆಯ ಮೇಜಿನ ಮೇಲಿಟ್ಟು ಮನೆಗೆ ಹೋದೆ.

ಮಾರನೆಯ ಬೆಳಿಗ್ಗೆ ಸೈರನ್ ಕೂಗಿತು. ನನ್ನ ಹೊಟ್ಟೆಯೊಳಗಿನದು ಒದೆಯಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ನನಗೆ ಏಳು ತಿಂಗಳು ತುಂಬುತ್ತಿತ್ತು. ಮಗು ಅಲುಗಾಡಲು ಶುರು ಮಾಡಿದ ಮೇಲೆ ಅದಕ್ಕೊಂದು ಅಭ್ಯಾಸವಾಗಿತ್ತು: ಸೈರನ್ ಕೂಗಿದ ಕೂಡಲೇ ಬೆಚ್ಚಿ ಒಂದು ಸಲ ಜೋರಾಗಿ ಒದೆಯುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ. "ಕಾರ್ಖಾನೆ ಕೂಲಿ ಹುಟ್ತಾನೆ ಬಿಡು" ಎಂದು ಗಂಡ ತಮಾಷೆ ಮಾಡುತ್ತಿದ್ದರು. ಆ ಬೆಳಿಗ್ಗೆ ಸೈರನ್ ಪೂರ್ತಿ ಕೂಗಿ ನಿಂತಿತು, ನಾನು ಸೀರೆಯ ನೆರಿಗೆ ಹಿಡಿದುಕೊಂಡು ಹಾಗೇ ನಿಂತಿದ್ದೆ. ಒಳಗೆ ಸದ್ದಿಲ್ಲ, ಸುದ್ದಿಯಿಲ್ಲ. ಮಲಗಿದೆ ಎಂದುಕೊಂಡೆ. ಬೆಲ್ಲದ ನೀರು ಕುಡಿದು, ಎಡಮಗ್ಗುಲಾಗಿ ಮಲಗಿ ಕಾದೆ. ಏನೂ ಆಗಲಿಲ್ಲ. ಅತ್ತೆಗೆ ಹೇಳಲಿಲ್ಲ; ಹೇಳಿದರೆ ಆ ಸೀರೆಯ ಮಾತು ಬರುತ್ತದೆ ಎಂದು.

ಆಸ್ಪತ್ರೆಯಲ್ಲೂ ಹೇಳಲಿಲ್ಲ. ಹೇಳಿದರೆ ಸಿಸ್ಟರ್ ಮನೆಗೆ ಕಳಿಸುತ್ತಾರೆ, ಅಲ್ಲಿಗೆ ನನ್ನ ತರಬೇತಿ ಮುಗಿದಂತೆ. ಹಾಸಿಗೆ ಬದಲಿಸಿದೆ, ಬೆಡ್‌ಪ್ಯಾನ್ ತೊಳೆದೆ, ಬಾಣಂತಿಯರಿಗೆ ಗಂಜಿ ಕೊಟ್ಟೆ. ಒಂದು ಕೈ ಕೆಲಸ ಮಾಡುತ್ತಿದ್ದರೆ ಇನ್ನೊಂದು ಹೊಟ್ಟೆಯ ಮೇಲೇ ಇರುತ್ತಿತ್ತು. ಅಲ್ಲಿ ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಅಳುತ್ತಿದ್ದವು. ಮಧ್ಯಾಹ್ನದ ಸೈರನ್ನಿಗೆ ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಎರಡೂ ಕೈಯಿಂದ ಹೊಟ್ಟೆ ಹಿಡಿದು ನಿಂತೆ. ಸೈರನ್ ಕೂಗಿತು. ಕಲ್ಲು ಹಿಡಿದುಕೊಂಡ ಹಾಗಿತ್ತು. ದೇವರೇ ಎಂದೆ. ದೇವರನ್ನು ಕರೆಯುವ ಪೈಕಿ ಅಲ್ಲ ನಾನು.

ಮಧ್ಯಾಹ್ನದ ಮೇಲೆ ಪಾಠವಿತ್ತು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವುದನ್ನು ಆ ವಾರ ಕಲಿಸುತ್ತಿದ್ದರು. ಅದಕ್ಕೊಂದು ಅಲ್ಯೂಮಿನಿಯಂ ಕೊಳವೆಯಿತ್ತು, ಪುಟ್ಟ ಕಹಳೆಯ ಆಕಾರದ್ದು. ನಾವು ತುತ್ತೂರಿ ಎನ್ನುತ್ತಿದ್ದೆವು. ಅಗಲ ಬಾಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಿ, ಕೈ ಬಿಟ್ಟುಬಿಡಬೇಕು. ಕೈ ಬಿಡದಿದ್ದರೆ ನಮ್ಮ ಬೆರಳಿನ ನಾಡಿಯೇ ಕೊಳವೆಯಲ್ಲಿ ಬಡಿದು ಮೋಸ ಮಾಡುತ್ತದೆ. ದಿಂಬಿನ ಕೆಳಗೆ ಕೈಗಡಿಯಾರ ಇಟ್ಟ ಹಾಗೆ ಕೇಳುತ್ತದೆ, ದೊಡ್ಡವರ ನಾಡಿಗಿಂತ ದುಪ್ಪಟ್ಟು ಬೇಗ ಬಡಿಯುತ್ತದೆ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಪಾಠ ಮುಗಿಯುತ್ತಿದ್ದಂತೆ ಹೆರಿಗೆ ಕೋಣೆಯಿಂದ ಕರೆ ಬಂತು, ಸಿಸ್ಟರ್ ಹೊರಟರು. ಉಳಿದ ಹುಡುಗಿಯರು ಬಸ್ಸಿಗೆ ಓಡಿದರು. ಕೋಣೆಯಲ್ಲಿ ಉಳಿದವರು ನಾನು ಮತ್ತು ಶಕೀಲಾ. ಅವಳು ದಾಸರಹಳ್ಳಿಯಿಂದ ಬರುತ್ತಿದ್ದಳು, ನನ್ನ ಜೊತೆಯೇ ಸೇರಿದವಳು.

"ಏನಾಯ್ತೇ? ಬೆಳಿಗ್ಗೆಯಿಂದ ನಿನ್ ಬಾಯಿ ಬಿದ್ದೋಗೈತೆ" ಎಂದಳು. ನಾನು ಬಾಯಿ ಮುಚ್ಚಿದ್ದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಅವಳಿಗೆ ಎಲ್ಲ ಹೇಳಿ ಬೆಂಚಿನ ಮೇಲೆ ಮಲಗಿದೆ. "ತುತ್ತೂರಿ ಇಟ್ಟು ನೋಡೇ" ಎಂದೆ. ಶಕೀಲಾ ನೋಡಿದಳು. ಹೊಕ್ಕುಳ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ. ಒಂದೊಂದು ಕಡೆಯೂ ಉಸಿರು ಬಿಗಿಹಿಡಿದು ಕೇಳಿದಳು. ಏಳುವಾಗ ನನ್ನ ಮುಖ ನೋಡಲಿಲ್ಲ. "ನಂಗೆ ಇನ್ನೂ ಬರಲ್ಲ ಕಣೇ, ಹೊಸಬಳಲ್ವಾ" ಎಂದಳು.

ನನಗೆ ಸಿಟ್ಟು ಬಂತು. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ. "ಕೊಳವೆ ವಾರೆ ಹಿಡಿದರೆ ಎಲ್ಲಿ ಕೇಳಿಸುತ್ತೆ? ಇಲ್ಲಿ ನೋಡು, ಹಿಂಗೆ ನೇರ ಇಡ್ಬೇಕು" ಎಂದು ತುತ್ತೂರಿ ಕಿತ್ತುಕೊಂಡು, ತೋರಿಸುವುದಕ್ಕೆಂದು ಮೇಜಿನ ಮೇಲಿದ್ದ ನನ್ನ ಬಟ್ಟೆಯ ಹೊಟ್ಟೆಯ ಮೇಲಿಟ್ಟು ಕಿವಿ ಕೊಟ್ಟೆ.

ಕೇಳಿಸಿತು.

ದಿಂಬಿನ ಕೆಳಗೆ ಕೈಗಡಿಯಾರ ಇಟ್ಟ ಹಾಗೆ. ಹತ್ತಿಯ ಒಳಗಿಂದ, ಬೇಗಬೇಗ, ಒಂದೇ ಸಮ. ನಾನು ತಲೆ ಎತ್ತಿದೆ, ನಿಂತಿತು. ಮತ್ತೆ ಇಟ್ಟೆ, ಮತ್ತೆ ಬಂತು. ನನ್ನ ನಾಡಿಯೇ ಇರಬೇಕೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಕೈಯಿಂದ ಇನ್ನೊಂದರ ನಾಡಿ ಹಿಡಿದೆ. ಹೆದರಿಕೆಯಿಂದ ನನ್ನ ನಾಡಿಯೂ ಓಡುತ್ತಿತ್ತು, ಆದರೆ ಕಿವಿಯಲ್ಲಿ ಬಡಿಯುತ್ತಿದ್ದುದು ಅದಕ್ಕಿಂತ ಎಷ್ಟೋ ಮುಂದಿತ್ತು. ಎರಡೂ ಒಂದಕ್ಕೊಂದು ಸೇರಲೇ ಇಲ್ಲ. ತುತ್ತೂರಿಯನ್ನು ಮೇಜಿನ ಹಲಗೆಯ ಮೇಲಿಟ್ಟೆ, ಏನೂ ಇಲ್ಲ. ದಿಂಬಿನ ಮೇಲಿಟ್ಟೆ, ಏನೂ ಇಲ್ಲ. ಬಟ್ಟೆಯ ಹೊಟ್ಟೆಯ ಮೇಲೆ, ಬೊಂಬೆಯ ಬೆನ್ನು ಇದ್ದ ಕಡೆ ಮಾತ್ರ. ಸಿಸ್ಟರ್ ಹೇಳಿಕೊಟ್ಟಿದ್ದೂ ಹಾಗೆಯೇ, ಬೆನ್ನಿನ ಕಡೆ ಬಡಿತ ಚೆನ್ನಾಗಿ ಕೇಳುತ್ತದೆ ಎಂದು.

ನಾನು ಏನೂ ಹೇಳದೆ ಶಕೀಲಾಳಿಗೆ ಕೊಳವೆ ಕೊಟ್ಟೆ. ಅವಳು ಬಗ್ಗಿ ಕಿವಿ ಇಟ್ಟಳು. ಅವಳ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಸಂಜೆಯ ಸೈರನ್ ಕೂಗಿತು. ನನ್ನ ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು. ಕಲ್ಲು. ಸೈರನ್ ನಿಲ್ಲುತ್ತಲೇ ಶಕೀಲಾ ಸುಟ್ಟುಕೊಂಡವಳ ಹಾಗೆ ಹಿಂದಕ್ಕೆ ಸರಿದಳು. "ಯಾ ಅಲ್ಲಾ! ಜೋರಾಯ್ತು ಕಣೇ. ಸೈರನ್ನಿಗೆ ಬೆಚ್ಚಿಬಿತ್ತು" ಎಂದಳು.

ಬೆಚ್ಚಿಬಿತ್ತು ಎಂಬ ಆ ಒಂದು ಮಾತಿಗೆ ನಾನು ಕುಸಿದುಹೋದೆ. ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ತರಬೇತಿ ಹಾಳಾಗಿ ಹೋಗಲಿ, ಕೆಲಸ ಹಾಳಾಗಿ ಹೋಗಲಿ, ನನಗೆ ನನ್ನ ಮಗು ಬೇಕಾಗಿತ್ತು. ಶಕೀಲಾ ಓಡಿಹೋಗಿ ಸಿಸ್ಟರನ್ನು ಕರೆತಂದಳು.

ಸಿಸ್ಟರ್ ಎಲ್ಲ ಕೇಳಿಸಿಕೊಂಡರು, ಅತ್ತೆಯ ಸೀರೆಯ ಮಾತನ್ನೂ. "ಬೆಳಿಗ್ಗೆಯೇ ಯಾಕೆ ಹೇಳಿಲ್ಲ? ಬುದ್ಧಿ ಇದೆಯಾ ನಿನಗೆ?" ಎಂದು ಬೈದರು. "ಹತ್ತಿಯಲ್ಲಿ ಎಲ್ಲಾದ್ರೂ ಎದೆ ಬಡಿಯುತ್ತಾ? ಅದು ನಿಮ್ಮ ತಲೆಯೊಳಗಿನ ರಕ್ತದ ಸದ್ದು" ಎಂದರು. ಡಾಕ್ಟರಮ್ಮ ಬೆಳಗಿನ ಹೊತ್ತು ಬಂದು ಹೋಗುವವರು. ಸಂಜೆ ಆಸ್ಪತ್ರೆಗೆಲ್ಲ ಸಿಸ್ಟರೇ ದಿಕ್ಕು. ನನ್ನನ್ನು ಮಲಗಿಸಿ, ಕೈಯಾಡಿಸಿ, ಮಗುವಿನ ಬೆನ್ನು ಹುಡುಕಿ ತುತ್ತೂರಿ ಇಟ್ಟರು. ಸಾವಿರ ಹೊಟ್ಟೆ ಕೇಳಿದ ಕಿವಿ ಅದು. ಅವರ ಮುಖ ಗೋಡೆಯ ಕಡೆಗಿತ್ತು, ನನಗೆ ಕಾಣುತ್ತಿರಲಿಲ್ಲ. ಒಂದು ಕಡೆ ಕೇಳಿದರು, ಸರಿಸಿದರು, ಮತ್ತೆ ಕೇಳಿದರು, ಮತ್ತೆ ಸರಿಸಿದರು. ಸಿಕ್ಕಿತಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರು ಎದ್ದು, "ಬಾಗಿಲು ಹಾಕು" ಎಂದು ಶಕೀಲಾಳಿಗೆ ಹೇಳಿದರು.

ಆಮೇಲೆ ಅವರು ಮೇಜಿನ ಹತ್ತಿರ ಹೋಗಿ ಬಟ್ಟೆಯ ಹೊಟ್ಟೆಯ ಮೇಲೆ ತುತ್ತೂರಿ ಇಟ್ಟು ಬಗ್ಗಿದರು. ಹತ್ತಿ ಎಂದು ಗೊತ್ತಿದ್ದವರು ಒಂದು ಕ್ಷಣ ಕೇಳಿ ಏಳಬೇಕು ತಾನೇ? ಸಿಸ್ಟರ್ ಏಳಲಿಲ್ಲ. ಅವರ ಕೊರಳಿನ ಶಿಲುಬೆ ಬಟ್ಟೆಯ ಮೇಲೆ ಬಿದ್ದಿತ್ತು; ಅದನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡು ಮತ್ತೆ ಕೇಳಿದರು. ಕೊನೆಗೆ ಎದ್ದು, "ಏನೂ ಇಲ್ಲ" ಎಂದರು. "ಕತ್ತರಿ ತಾ."

ನಾನು ಹಾಕಿದ್ದ ಹೊಲಿಗೆಯನ್ನು ಅವರೇ ಕತ್ತರಿಸಿದರು. ಬರಿ ಹತ್ತಿಯ ಚೀಲ ಬಿಚ್ಚುವುದಕ್ಕೆ ಯಾರೂ ಅಷ್ಟು ನಿಧಾನ ಮಾಡಿದ್ದನ್ನು ನಾನು ಕಂಡಿಲ್ಲ. ಕತ್ತರಿಯ ಮೊನೆ ಒಳಕ್ಕೆ ತಾಗದ ಹಾಗೆ ಬೆರಳು ಅಡ್ಡ ಇಟ್ಟುಕೊಂಡಿದ್ದರು. ಬೊಂಬೆಯನ್ನು ಎರಡು ಕೈಯಲ್ಲಿ ಎತ್ತಿ, ಸುತ್ತಿದ್ದ ಸೀರೆಯ ತುಂಡನ್ನು ಬಿಡಿಸಿ, ತಂದು ನನ್ನ ಬರಿ ಹೊಟ್ಟೆಯ ಮೇಲೆ ಹಾಸಿದರು. ಆ ಬಟ್ಟೆ ಬೆಚ್ಚಗಿತ್ತು. ಬಿಸಿಲಿಗೆ ಕಾದ ಕೋಣೆ, ಹತ್ತಿಯ ನಡುವೆ ಇದ್ದ ಬಟ್ಟೆ, ಬೆಚ್ಚಗಿರದೆ ಇನ್ನೇನು ಎಂದು ಈಗ ಹೇಳಬಲ್ಲೆ. ಆಗ ಕೂಗಿಕೊಳ್ಳದಂತೆ ತುಟಿ ಕಚ್ಚಿಕೊಂಡಿದ್ದೆ. ಸಿಸ್ಟರ್ ಆ ಬಟ್ಟೆಯ ಮೇಲೇ ತುತ್ತೂರಿ ಇಟ್ಟರು. ಶಕೀಲಾ ನನ್ನ ಕೈ ಹಿಡಿದುಕೊಂಡಿದ್ದಳು. ಎಷ್ಟು ಹೊತ್ತಾಯಿತೋ ತಿಳಿಯದು. ಹೊರಗೆ ಸೈಕಲ್ ಗಂಟೆಗಳು, ಕೆಲಸ ಬಿಟ್ಟು ಹೋಗುವವರ ಮಾತು ಕೇಳುತ್ತಿದ್ದವು.

"ಸಿಕ್ತು" ಎಂದರು ಸಿಸ್ಟರ್.

ಅವರು ಹಾಗೆನ್ನುವುದಕ್ಕೂ ಒಳಗಿನಿಂದ ಒಂದು ಒದೆ ಬೀಳುವುದಕ್ಕೂ ಸರಿಹೋಯಿತು. ತುತ್ತೂರಿ ಅಲುಗಿ ಅವರ ಕಿವಿಗೆ ತಾಗಿತು. ನಾನು ಅಳುತ್ತ ನಗುತ್ತ ಅವರ ಕೈ ಹಿಡಿದುಕೊಂಡೆ. ಆ ಕೈ ತಣ್ಣಗಿತ್ತು.

ಮಾರನೆಯ ದಿನ ಡಾಕ್ಟರಮ್ಮ ನೋಡಿ ಎಲ್ಲ ಸರಿಯಾಗಿದೆ ಎಂದರು. ಸಿಸ್ಟರ್ ನನ್ನನ್ನು ಮನೆಗೂ ಕಳಿಸಲಿಲ್ಲ, ಆ ವಿಷಯವನ್ನೂ ಎತ್ತಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ಮಗು ಮಲಗಿತ್ತು, ಮಗ್ಗುಲು ತಿರುಗಿತ್ತು, ಅಷ್ಟೆ" ಎಂದರು. "ಹಾಗಾದರೆ ಚೀಲ ಯಾಕೆ ಬಿಚ್ಚಿದಿರಿ ಸಿಸ್ಟರ್?" ಎಂದೆ. ಅವರು ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ, "ಹೊಲಿಗೆ ಸರಿ ಇರಲಿಲ್ಲ" ಎಂದರು. ನಮ್ಮ ತಂಡ ಮುಗಿಯುವ ತನಕ ಅವರು ಮತ್ತೆ ಬಟ್ಟೆಯ ಹೊಟ್ಟೆ ಹೊಲಿಸಲಿಲ್ಲ. ಎಲ್ಲರಿಗೂ ನಿಜವಾದ ಬಸುರಿಯರ ಮೇಲೇ ಕಲಿಸಿದರು.

ಬಡಿತ ಸಿಕ್ಕ ಆ ಸಂಜೆ ನಾನು ಸೀರೆಯ ತುಂಡನ್ನು ಹೊಟ್ಟೆಗೆ ಕಟ್ಟಿಕೊಂಡೇ ಮನೆಗೆ ಹೋಗಿದ್ದೆ. ನನ್ನ ಸೆರಗಿನ ಕೆಳಗಿಂದ ಇಣುಕುತ್ತಿದ್ದ ಹಸಿರನ್ನು ಅತ್ತೆ ನೋಡಿದರು. ಬೈಯುತ್ತಾರೆಂದು ಕಾದೆ. "ಉಣ್ಣು ಬಾ ಮಗಾ, ಮುದ್ದೆ ಆರೋಯ್ತದೆ" ಎಂದರು, ಅಷ್ಟೇ. ನನಗೆ ಮಗಳು ಹುಟ್ಟಿದಾಗ ಆ ತುಂಡನ್ನೂ ಉಳಿದ ಸೀರೆಯನ್ನೂ ಸೇರಿಸಿ ಅವರೇ ಸುತ್ತಿದರು.

ಹುಡುಗಿಯರಿಗೆ ಪಾಠ ಹೇಳುವ ಸರದಿ ಆಮೇಲೆ ನನಗೂ ಬಂತು. ಕೊಳವೆಯಲ್ಲಿ ಕಿವಿ ಹೇಗೆಲ್ಲ ಮೋಸ ಹೋಗುತ್ತದೆ ಎಂದು ಗಂಟಲು ಹರಿಯುವಂತೆ ಕಲಿಸಿದ್ದೇನೆ. ನಾಡಿಯ ಮಾತು, ಮಗು ನಿದ್ದೆ ಮಾಡುವ ಮಾತು, ಹೆದರಿದ ಮನಸ್ಸು ತನಗೆ ಬೇಕಾದದ್ದನ್ನು ಕೇಳಿಸಿಕೊಳ್ಳುವ ಮಾತು, ಎಲ್ಲ ನನಗೆ ಬಾಯಿಪಾಠ. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ಇವನ್ನೇ ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ಆದರೆ ನನ್ನ ಬೆರಳು ನನ್ನ ನಾಡಿಯ ಮೇಲಿತ್ತು. ಶಕೀಲಾ ಕೇಳಿದ್ದಳು. ಸಿಸ್ಟರ್ ಏನು ಕೇಳಿದರೋ, ಅದು ಅವರ ಜೊತೆಗೇ ಹೋಯಿತು.

ನನ್ನ ಮಗಳು ಬಸುರಿಯಾಗಿ ನಮ್ಮ ಮನೆಗೆ ಬಂದಿದ್ದಾಗ, ಒಂದು ದಿನ ಬೀರುವಿನಲ್ಲಿದ್ದ ನನ್ನ ಹಳೆಯ ತುತ್ತೂರಿ ಹುಡುಕಿ ತಂದು, "ಅಮ್ಮಾ, ಊರವರ ಹೊಟ್ಟೆಯೆಲ್ಲ ಕೇಳಿದೀಯ, ನಂದು ಕೇಳಲ್ವಾ?" ಎಂದು ನಗುತ್ತ ಮಲಗಿದಳು. ನಾನು ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಸುಳ್ಳು ಹೇಳಿ ಎದ್ದುಹೋದೆ. ಅವಳಿಗೆ ಬೇಜಾರಾಯಿತು, ನನಗೆ ಗೊತ್ತು. ಏನು ಹೇಳಲಿ ಅವಳಿಗೆ? ಕಿವಿಯಿಟ್ಟಾಗ ಅಲ್ಲಿ ಕೇಳಿಸದೆ ಹೋದರೆ, ಇನ್ನೆಲ್ಲೆಲ್ಲಿ ಕಿವಿಯಿಟ್ಟು ಹುಡುಕಲಿ ನಾನು?